ಹರಳು ಅಂತ ಹೇಳೋಣ

ವಾಗದರಿಯ ಬೀರೋಬನ ಗುಡಿಯ ಸುತ್ತ ಹಳದಿ ಬಣ್ಣಕ್ಕೆ ಯಾರೂ ಹೆದರುವುದಿಲ್ಲ. ಕಟ್ಟೆ ಹಳದಿ, ಹೊಸ್ತಿಲು ಹಳದಿ, ಡೊಳ್ಳಿನ ಚರ್ಮ ಹಳದಿ, ಕಟ್ಟೆಯ ನೆರಳಿಗೆ ಬಂದು ಮಲಗುವ ನಾಯಿಯ ಬೆನ್ನೂ ಹಳದಿ. ಹೊರಗಿನವರಿಗೆ ಭಂಡಾರ ಬರೀ ಅರಿಸಿನದ ಪುಡಿ. ಅಲ್ಲಿಯ ಕುರುಬರಿಗೆ ಅದು ದೇವರೇ. ಹರಕೆ ಹೊತ್ತವರು ಅದನ್ನು ಹಿಡಿಗಟ್ಟಲೆ ತೂರುತ್ತಾರೆ, ಕೂಸಿನ ಹಣೆಗೆ ಹಚ್ಚುತ್ತಾರೆ, ಜಗಳ ಬಿದ್ದರೆ ಅಂಗೈಯಲ್ಲಿ ಎತ್ತಿ ಆಣೆ ಮಾಡುತ್ತಾರೆ. ಆ ಗುಡಿಯ ಪೂಜಾರಿ ಅಣ್ಣಾರಾಯನ ಮೈಮೇಲೆ ಭಂಡಾರವಿಲ್ಲದ ದಿನವೇ ಇರಲಿಲ್ಲ. ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ, ಧೋತರದ ನಿರಿಗೆಯಲ್ಲಿ ಎಲ್ಲಾ ಅದೇ. ಮದುವೆಯಾಗಿ ಬಂದ ಹೊಸತರಲ್ಲಿ ಹೆಂಡತಿ ಚಂದ್ರಭಾಗಾ, "ನಿಮ್ಮನ್ನ ಒಗದ ಹಗ್ಗದ ಮ್ಯಾಲ ಒಣಾಕ ಹಾಕಿದ್ರೂ ಅರಿಸಿನ ಬಿಡಂಗಿಲ್ಲ" ಎಂದು ನಗುತ್ತಿದ್ದಳು. ಹೀಗಿರುವಾಗ ಗಂಡನ ಮೈ ಒಳಗಿನಿಂದಲೇ ಹಳದಿಯಾಗುತ್ತ ಬಂದರೆ ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಗೊತ್ತಾಗಬೇಕಿತ್ತು ಎಂದು ಆಮೇಲೆ ಅವಳು ತನ್ನನ್ನು ತಾನೇ ಹಳಿದುಕೊಂಡಳು. ಗುರುತುಗಳೇನು ಒಂದೆರಡಲ್ಲ. ರೊಟ್ಟಿ ಎರಡರಿಂದ ಒಂದಕ್ಕೆ ಇಳಿದಿತ್ತು. ಉಪವಾಸ ಜಾಸ್ತಿ ಮಾಡುತ್ತಾನೆ, ಹೊಟ್ಟೆ ಚಿಕ್ಕದಾಗಿದೆ ಅಂದುಕೊಂಡಳು. ಬೆನ್ನು ನೋವೆಂದು ಹೊರಸಿನ ಮೇಲೆ ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂರುತ್ತಿದ್ದ. ಪಲ್ಲಕ್ಕಿ ಹೊತ್ತದ್ದು ಅಂದುಕೊಂಡಳು. ಮಟನ್ ಸಾರಿನ ವಾಸನೆಗೆ ಮೂಗು ತಿರುವಿದ. ಕುರುಬನ ಮಗ ಮಟನ್ ಬೇಡ ಅಂದರೆ ಭಕ್ತಿ ಹೆಚ್ಚಾಗಿದೆ ಅಂದುಕೊಂಡಳು. ಉಚ್ಚೆ ಕಡು ಚಹದ ಬಣ್ಣಕ್ಕೆ ತಿರುಗಿದ್ದು ಅವನೊಬ್ಬನಿಗೇ ಗೊತ್ತು, ಅವನು ಅದನ್ನು ಉಷ್ಣದ ಖಾತೆಗೆ ಹಾಕಿ ಮಜ್ಜಿಗೆ ಕುಡಿದ. ಇನ್ನು ಮೈ ತುರಿಕೆ ಶುರುವಾಯಿತಲ್ಲ, ಆಗಂತೂ ಚಂದ್ರಭಾಗಾಗೆ ಕಾರಣ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿ ಕಂಡಿತು. ಭಂಡಾರದಲ್ಲಿ ಕಲಬೆರಕೆ! ಬಸ್ ಹತ್ತಿ ಅಕ್ಕಲಕೋಟೆಗೆ ಹೋದವಳೇ ಅರಿಸಿನ ಮಾರುವ ಅಂಗಡಿಯವನ ಮುಂದೆ ನಿಂತು, ನೀ ಏನ ಬೆರಸೀದಿ, ನನ್ನ ಗಂಡ ಮೈ ಹರಕೊಳ್ಳಾಕತ್ತಾನ ಎಂದು ಬಾಯಿ ಮಾಡಿದಳು. ಪಾಪ, ಅಂಗಡಿಯವನು ಹೆದರಿ ಬೇರೆ ಪೊಟ್ಟಣ ಕೊಟ್ಟು ಕಳಿಸಿದ. ಹೊಸ ಭಂಡಾರ ಬಂತು, ತುರಿಕೆ ಹೋಗಲಿಲ್ಲ.

ಮೊದಲು ಕಂಡದ್ದು ಸೊಸೆ ರೂಪಾಲಿಗೆ. ಮಗ ಅಮೋಲ್ ಸೊಲ್ಲಾಪುರದ ಟವೆಲ್ ಕಾರಖಾನೆಯಲ್ಲಿ ಸೂಪರ್‌ವೈಸರು. ಬಸ್ಸಿಗೆ ಅನುಕೂಲವೆಂದು ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಮನೆ ಮಾಡಿದ್ದ. ಮೊಮ್ಮಗಳನ್ನು ನೋಡಲು ಹೆಂಡತಿಯೊಡನೆ ಹೋದ ಅಣ್ಣಾರಾಯ ಅಲ್ಲಿ ಸೀಗೆಪುಡಿ ಹಚ್ಚಿ ತಲೆಗೆ ಸ್ನಾನ ಮಾಡಿ, ಬಿಳೀ ಬನಿಯನ್ ಹಾಕಿಕೊಂಡು, ಬೆಳಕಿಗೆ ಮುಖ ಮಾಡಿ ಬಾಗಿಲಲ್ಲಿ ಕೂತಿದ್ದ. ಚಹ ಕೊಡಲು ಬಗ್ಗಿದ ರೂಪಾಲಿ ಬಗ್ಗಿದ ಹಾಗೇ ನಿಂತಳು. ಒಳಗೆ ಬಂದು ಅತ್ತೆಯ ಸೆರಗು ಹಿಡಿದು ಎಳೆದಳು.

"ಅತ್ತೀ, ಮಾವಾರ ಕಣ್ಣ ನೋಡಿರೇನು?"

"ಕಣ್ಣಿಗೇನಾಗೇದ? ಭಂಡಾರ ಬಿದ್ದಿರಬೇಕ."

"ಭಂಡಾರ ಕಣ್ಣ ಗುಡ್ಡಿಗೆ ಹತ್ತತೇತೇನ್ರಿ?"

ಚಂದ್ರಭಾಗಾ ಹೊರಗೆ ಬಂದು ನೋಡಿದಳು. ಕಣ್ಣಿನ ಬಿಳಿ ಅನ್ನುವುದೇ ಉಳಿದಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲರ ಮನೆಯಲ್ಲಿ ಆಗುವುದೇ ಆಯಿತು. ಹಳದಿಗಣ್ಣು ಎಂದರೆ ಕಾಮಾಲೆ, ಕಾಮಾಲೆ ಎಂದರೆ ಮಂದ್ರೂಪ ಎಂಬ ಊರಿನ ಸೊಪ್ಪಿನ ಔಷಧ. ಉಪ್ಪಿಲ್ಲದ ಅನ್ನ, ಒಗ್ಗರಣೆಯಿಲ್ಲದ ಮಜ್ಜಿಗೆ. ಹಾಗೆ ವಾರಗಳು ಉರುಳಿದವು. ಔಷಧ ಕೊಡುವ ಮನುಷ್ಯ ಕೆಟ್ಟವನಲ್ಲ. ಮೂರನೇ ಸಲ ಹೋದಾಗ ಅಣ್ಣಾರಾಯನ ಪಕ್ಕೆಲುಬು ನೋಡಿ ಅವನೇ ಕೈ ಜೋಡಿಸಿದ. "ಪೂಜಾರಿ, ಇದು ನನ್ನ ಕಾಮಣಿ ಅಲ್ಲ. ನೀವು ದೊಡ್ಡ ದವಾಖಾನಿಗೆ ಹೋಗ್ರಿ" ಎಂದ. ಅಕ್ಕಲಕೋಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆಯೂ ಬಂದಿದೆಯಲ್ಲ ಎಂದು ಹುಬ್ಬು ಗಂಟಿಕ್ಕಿ, ಸೊಲ್ಲಾಪುರಕ್ಕೆ ಕಳಿಸಿದರು. ಸ್ಕ್ಯಾನ್ ಮೆಷೀನು ಸೊಲ್ಲಾಪುರಕ್ಕೆ ಬಂದು ಇನ್ನೂ ಬಹಳ ವರ್ಷವಾಗಿರಲಿಲ್ಲ. ಅದರ ಗುಂಡು ಬಾಯೊಳಗೆ ಗಂಡ ಮಲಗಿಕೊಂಡು ಹೋಗುವುದನ್ನು ಬಾಗಿಲ ಗಾಜಿನಿಂದ ನೋಡಿದ ಚಂದ್ರಭಾಗಾ ಬೀರೋಬನಿಗೆ ಏನೇನು ಹರಕೆ ಹೊತ್ತಳೋ, ಅವಳಿಗೇ ನೆನಪಿಲ್ಲ.

ಸರ್ಜನ್ ಡಾಕ್ಟರು ಸೊಲ್ಲಾಪುರದವರೇ. ಮನೆಮಾತು ಕನ್ನಡ, ಶಾಲೆ ಮರಾಠಿ, ಡಾಕ್ಟರಿಕೆ ಇಂಗ್ಲಿಷು. ಮೂರನ್ನೂ ಕಲಸಿ ಮಾತಾಡುತ್ತಿದ್ದರು, ಹೆಂಗಸರನ್ನು ಮರಾಠಿಯಂತೆ ಬಾಯಿ ಎಂದು ಕರೆಯುತ್ತಿದ್ದರು. ಅಣ್ಣಾರಾಯನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ, ತಾಯಿ ಮಗನನ್ನು ಮಾತ್ರ ಒಳಗೆ ಕರೆದರು.

"ಬಾಯಿ, ಸ್ವಾದುಪಿಂಡದಾಗ ಗಂಟ ಐತಿ. ಕ್ಯಾನ್ಸರ್ ಗಂಟ."

ಕ್ಯಾನ್ಸರ್ ಎಂಬ ಮಾತು ಅವಳಿಗೆ ಗೊತ್ತಿತ್ತು. ಮೇದೋಜೀರಕಕ್ಕೆ ಅವರು ಹೇಳಿದ ಆ ಮರಾಠಿ ಮಾತು ಗೊತ್ತಿರಲಿಲ್ಲ. "ಅದೆಲ್ಲಿರತೇತ್ರಿ ಸಾಹೇಬ್ರ?" ಎಂದಳು.

"ಹೊಟ್ಟಿ ಹಿಂದ, ಬೆನ್ನೆಲುಬಿನ ಮುಂದ, ಅಡ್ಡ ಮಲಗಿರತದ. ಮೆತ್ತಗಿನ ಮಾಂಸ. ಉಂಡದ್ದು ಕರಗಿಸೋ ರಸ ಅದರಾಗ ತಯಾರ ಆಗತದ. ಸಕ್ಕರಿ ಹತೋಟಿಯೊಳಗ ಇಡೂದೂ ಅದೇ."

ಆಗ ಅವಳ ಕಣ್ಣಿಗೆ ಕಟ್ಟಿತು. ಕುರಿ ಕೊಯ್ದಾಗ ಬೋಟಿ ತೊಳೆಯುವುದು ಹೆಂಗಸರ ಪಾಲಿನ ಕೆಲಸ. ಕರುಳಿನ ತಿರುವಿಗೆ ಅಂಟಿಕೊಂಡು, ಬೆರಳಿಗೆ ಸಿಕ್ಕರೆ ಪುಡಿಯಾಗುವ, ಬೆಳ್ಳಗೆ ತೆಳು ಗುಲಾಬಿ ಬಣ್ಣದ ಒಂದು ಪಟ್ಟಿ ಇರುತ್ತದೆ. ಎಷ್ಟು ಸಲ ಅದನ್ನು ಚಿವುಟಿ ನಾಯಿಗೆ ಎಸೆದಿದ್ದಳೋ. ಅದಕ್ಕೊಂದು ಹೆಸರಿದೆ ಅಂತಲೇ ಅವಳಿಗೆ ತಿಳಿದಿರಲಿಲ್ಲ; ಗಂಡನ ಹೊಟ್ಟೆಯಲ್ಲೂ ಅದೊಂದಿದೆ, ಅದು ಇಡೀ ಮನುಷ್ಯನನ್ನೇ ತಿನ್ನಬಲ್ಲದು ಅಂದರೆ ದುಃಖಕ್ಕಿಂತ ಮೊದಲು ಅವಳಿಗೆ ಸಿಟ್ಟು ಬಂತು.

ಡಾಕ್ಟರು ಮೇಜಿನ ಮೇಲೆ ಬೆರಳೆಳೆದು ತಿಳಿಸಿ ಹೇಳಿದರು. ಪಿತ್ತ ಕರುಳಿಗೆ ಇಳಿಯುವ ಕೊಳವೆ ಆ ಮಾಂಸದ ತಲೆಯ ಭಾಗದಲ್ಲೇ ಹಾದುಹೋಗುತ್ತದೆ. ಗಂಟು ಅದನ್ನು ಅದುಮಿದೆ. ಇಳಿಯಲು ದಾರಿಯಿಲ್ಲದ ಪಿತ್ತ ತಿರುಗಿ ರಕ್ತಕ್ಕೆ ಸೇರಿದೆ. ಅದಕ್ಕೇ ಹಳದಿ, ಅದಕ್ಕೇ ತುರಿಕೆ, ಅದಕ್ಕೇ ಮಲ ಸುಣ್ಣದ ಬಣ್ಣಕ್ಕೆ ಬಂದದ್ದು. ರಸ ಇಳಿಯದೆ ಉಂಡದ್ದು ಮೈಗೆ ಹತ್ತುತ್ತಿಲ್ಲ, ಹಾಗಾಗಿ ಮನುಷ್ಯ ಕರಗುತ್ತಿದ್ದಾನೆ.

"ನಾ ಮೊದಲ ನೋಡಿದ್ರ?" ಎಂದಳು ಚಂದ್ರಭಾಗಾ. ಅವಳಿಗೆ ಬೇಕಾಗಿದ್ದ ಪ್ರಶ್ನೆ ಅದೊಂದೇ.

"ಇದು ಮೊದಲ ಯಾರಿಗೂ ಕಾಣಂಗಿಲ್ಲ, ಬಾಯಿ. ಸದ್ದಿಲ್ಲದ ಬೆಳೀತದ. ಕಂಡಾಗ ಬೆಳದಿರತದ." ಆಮೇಲೆ ಅಮೋಲನ ಕಡೆಗೂ ತಿರುಗಿದರು: "ಈಗ ಮುಂದಿಂದ ಕೇಳ್ರಿ. ಮಂಗಳವಾರ ಹೊಟ್ಟಿ ತೆರೆದು ನೋಡತೀನಿ. ಗಂಟ ದೊಡ್ಡ ರಕ್ತನಾಳಕ್ಕ ಅಂಟಿರಲಿಲ್ಲಂದ್ರ ತಗೀತೀನಿ. ಅಂಟಿದ್ರ ತಗಿಯಾಕ ಬರಂಗಿಲ್ಲ, ಪಿತ್ತಕ್ಕ ಬ್ಯಾರೆ ದಾರಿ ಮಾಡಿ ಹೊಲೀತೀನಿ. ತುರಿಕಿ ಹೋಗತದ, ಹಳದಿ ಇಳೀತದ, ನಾಕ ತುತ್ತ ಉಣ್ಣಾಕ ಆಗತದ. ಬ್ಯಾನಿ ಒಳಗೇ ಇರತದ."

"ಎಷ್ಟ ದಿವಸ ಸಾಹೇಬ್ರ?" ಅಮೋಲನ ದನಿ ಒಡೆದಿತ್ತು.

"ತಗದ್ರ ವರ್ಷದ ಮಾತ ಆಡಬಹುದು. ಬಿಟ್ರ ತಿಂಗಳ ಮಾತ. ಖಾತ್ರಿ ನಾ ಕೊಡಂಗಿಲ್ಲ, ಯಾರೂ ಕೊಡಂಗಿಲ್ಲ. ಆದ್ರ ಸೋಮವಾರ ಅವರು ಇಲ್ಲಿ ಇರಬೇಕು. ತಡದ ಪಿತ್ತ ಕೊಳೀತದ. ಚಳಿ ಹತ್ತಿ ಜ್ವರ ಬಂತಂದ್ರ ಆಮ್ಯಾಲ ನಾ ಕತ್ತರಿ ಹಿಡಿಯೋ ಹಂಗಿರಂಗಿಲ್ಲ."

ಹೊರಗೆ ಬೆಂಚಿನ ಮೇಲೆ ಅಣ್ಣಾರಾಯ ಪಕ್ಕದವನ ಜೊತೆ ಕುರಿಯ ಧಾರಣೆ ಮಾತಾಡುತ್ತಿದ್ದ. ಅಮೋಲ್ ತಾಯಿಯನ್ನು ನೀರಿನ ನಲ್ಲಿಯ ಹತ್ತಿರ ಕರೆದೊಯ್ದ. ಮುಖಕ್ಕೆ ನೀರು ಹೊಡೆದುಕೊಂಡು, ಟವೆಲಿನಲ್ಲಿ ಒರೆಸಿಕೊಂಡು, ಎಲ್ಲ ನಿಶ್ಚಯಿಸಿದವನಂತೆ ಹೇಳಿದ: "ಯವ್ವಾ, ಅಪ್ಪಗ ಹರಳ ಅಂತ ಹೇಳೂಣು. ಪಿತ್ತದ ಚೀಲದಾಗ ಹರಳ ಆಗೇತಿ, ತಗೀತಾರ ಅಂತ."

"ಸುಳ್ಳ ಹ್ಯಾಂಗ ಹೇಳೂದಪಾ?"

"ಕಾಮಣ್ಣ ಕಾಕಾನ ನೆನಪ ಇಲ್ಲೇನು ನಿನಗ? ಕ್ಯಾನ್ಸರ್ ಅಂತ ಖರೆ ಹೇಳಿದ ದಿನಾನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ನೀರ ಸೈತ ಕುಡೀಲಿಲ್ಲ. ಬ್ಯಾನಿ ಕೊಲ್ಲಲಿಲ್ಲ ಅವನ್ನ, ಮಾತ ಕೊಂದ್ತು." ಅವನು ತಾಯಿಯ ಕೈ ತೆಗೆದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡ. "ನನ್ನ ಆಣಿ ಮಾಡು. ನಿನ್ನ ಬಾಯಿಂದ ಆ ಮಾತ ಅಪ್ಪನ ಮುಂದ ಬರಬಾರದು."

ಒಬ್ಬನೇ ಮಗ. ಅವನಿಗಿಂತ ಮೊದಲು ಎರಡು ಕೂಸು ಹೋಗಿದ್ದವು. ಅವನ ತಲೆಯ ಮೇಲಿಟ್ಟ ಕೈ ಅವಳಿಗೆ ಸುಟ್ಟಂತಾಯಿತು. ಆದರೂ ಹೂಂ ಅಂದಳು. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ಅವಳ ಮನಸ್ಸು ಹಗುರವೂ ಆಯಿತು. ಅಂಥ ಮಾತನ್ನು ಗಂಡನ ಮುಖ ನೋಡಿ ಆಡುವ ಕಷ್ಟ ತಪ್ಪಿತಲ್ಲ ಎಂದು.

ಹರಳು ಅಂದದ್ದೇ ತಡ, ಅಣ್ಣಾರಾಯ ಅರಳಿದ. ಹರಳೆಂದರೆ ಮರ್ಯಾದಸ್ಥ ಕಾಯಿಲೆ. ಅದಕ್ಕೊಂದು ಹೆಸರಿದೆ, ಆಕಾರವಿದೆ, ಹೋದಮೇಲೆ ಹೇಳಿಕೊಳ್ಳಲೊಂದು ಕಥೆಯಿದೆ. ಊರಿಗೆ ಮರಳುವ ಬಸ್ಸಿನಲ್ಲೇ ಕಂಡಕ್ಟರನಿಗೆ ಹೇಳಿದ, ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಚಹದಂಗಡಿಯವನಿಗೆ ಹೇಳಿದ, ಊರಿಗೆ ಬಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದ. ಕೇಳಿದವರಲ್ಲಿ ಹರಳು ಆಗದವನೇ ಇರಲಿಲ್ಲ. ತನಗಾಗಿರದಿದ್ದರೆ ಭಾವನಿಗೆ ಆಗಿತ್ತು. ಒಬ್ಬೊಬ್ಬರದೂ ಒಂದೊಂದು ಉಪಾಯ.

ಅವರಲ್ಲಿ ಮುಂದಾಳು ಸಿದ್ದರಾಮಪ್ಪ. ಗುಡಿಯ ಹಿಂದಿನ ಮನೆಯವನು, ಅಣ್ಣಾರಾಯನ ಚಿಕ್ಕಂದಿನ ಗೆಳೆಯ, ಎಲ್ಲರ ಮನೆಯ ವಿಷಯದಲ್ಲೂ ಮೂಗು ತೂರಿಸುವ ಒಳ್ಳೆಯ ಮನುಷ್ಯ. ಮರುದಿನ ಬೆಳಿಗ್ಗೆಯೇ ಬುಟ್ಟಿ ತುಂಬ ದಪ್ಪ ದಪ್ಪ ಎಲೆ ತಂದು ಸುರಿದ.

"ಕೊಯ್ಸಿಕೊಳ್ಳೂದಾ? ಹುಚ್ಚ ಹಿಡದೈತೇನು ಪೂಜಾರಿ ನಿನಗ? ನನ್ನ ಹರಳ ಈ ಎಲಿ ತಿಂದ ಮಾಯ ಆತು. ದಿನಾ ಮುಂಜಾನಿ ಖಾಲಿ ಹೊಟ್ಟಿಲೆ ತಿನ್ನು. ಡಾಕ್ಟರಗ ಏನು, ಚಾಕು ಕೈಯಾಗ ಐತಿ, ಕೊಯ್ತಾನ."

"ನಂದೂ ಅದ ವಿಚಾರ" ಎಂದ ಅಣ್ಣಾರಾಯ. "ಹೊಟ್ಟಿಗೆ ಹೊಲಗಿ ಹಾಕಿಸಿಕೊಂಡ ಮ್ಯಾಲ ಪಲ್ಲಕ್ಕಿಗೆ ಹೆಗಲ ಹ್ಯಾಂಗ ಕೊಡಲಿ? ಕರಗೂ ಹರಳಿಗೆ ಅವಸರ ಯಾಕ?"

ಒಳಗೆ ಒಲೆಯ ಮುಂದೆ ಕೂತಿದ್ದ ಚಂದ್ರಭಾಗಾಳ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. ತಾವೇ ಕೊಟ್ಟ ಹರಳು. ಸುಳ್ಳಿಗೆ ಕೈಕಾಲು ಬಂದು ಅದು ಎದ್ದು ಓಡಾಡತೊಡಗಿತ್ತು, ಹಿಡಿಯುವವರಿಲ್ಲ.

ಸೋಮವಾರ ಹತ್ತಿರ ಬರುತ್ತಿತ್ತು. ಅವಳು ಸುತ್ತಿ ಬಳಸಿ ಹೇಳಿದಳು: "ಹರಳ ದೊಡ್ಡದೈತಂತರಿ, ಎಲಿಗೆ ಕರಗಂಗಿಲ್ಲಂತ." ಅವನು ನಕ್ಕ. ಎಲೆಯ ಹುಳಿಗೆ ಬೆಳಿಗ್ಗೆ ಬೆಳಿಗ್ಗೆ ವಾಂತಿ ಮಾಡಿಕೊಂಡು, ಹರಳು ಸಡಿಲಾಗುತ್ತಿದೆ ಎಂದು ಅದಕ್ಕೂ ಸಂತೋಷಪಟ್ಟ. ತೊಡೆ ಕೆರೆದು ಕೆರೆದು ರಕ್ತ ಬಂದಿತ್ತು. ಹೊರಸಿನ ಮೇಲೆ ಮುಂದಕ್ಕೆ ಬಾಗಿ ಕೂತವನ ಬೆನ್ನೆಲುಬಿನ ಮಣಿಗಳು ಅಂಗಿಯ ಹೊರಗಿನಿಂದಲೇ ಕಾಣುತ್ತಿದ್ದವು. ಚಂದ್ರಭಾಗಾ ಏನಾದರೊಂದು ನೆವ ಮಾಡಿಕೊಂಡು ಹತ್ತಿರ ಹೋಗುತ್ತಿದ್ದಳು. ದಿಂಬು ಸರಿಮಾಡುವವಳಂತೆ, ಕೂದಲಿನ ಕಸ ತೆಗೆಯುವವಳಂತೆ ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಬಿಸಿಯಾಗಿದೆಯೇ? ಒಲೆಯ ಮುಂದಿನಿಂದ ಬಂದ ತನ್ನ ಕೈಯೇ ಬಿಸಿಯೇ? ಕೈ ತಣ್ಣೀರಲ್ಲಿ ಅದ್ದಿ ಮತ್ತೆ ಹೋಗಿ ಮುಟ್ಟುತ್ತಿದ್ದಳು. ಅವನು ಕಂಬಳಿ ಎಳೆದುಕೊಂಡರೆ ಸಾಕು, ಚಳಿಯೇ ಹತ್ತಿತೇನೋ ಎಂದು ಅವಳ ಜೀವ ಹಾರುತ್ತಿತ್ತು.

ಊರಿನ ಫೋನ್ ಬೂತಿನಿಂದ ಕಾರಖಾನೆಗೆ ಫೋನ್ ಮಾಡಿದಳು. "ಅಮೋಲಾ, ಒಪ್ಪವಲ್ರು. ಖರೆ ಹೇಳಿಬಿಡೂಣಪಾ."

"ಬ್ಯಾಡ ಯವ್ವಾ. ನಾ ಬರತೀನಿ, ನಾ ಒಪ್ಪಸ್ತೀನಿ."

ಶನಿವಾರ ಬಂದ. ಅಪ್ಪನ ಎದುರು ಕೂತು, ಹರಳಿನ ಆಪರೇಶನ್ ಎಷ್ಟು ಸುಲಭ, ಎಷ್ಟು ಬೇಗ ಮನೆಗೆ ಕಳಿಸುತ್ತಾರೆ ಎಂದೆಲ್ಲ ಹೊಗಳಿದ. ಸುಲಭವಾದದ್ದನ್ನು ಮುಂದಿನ ತಿಂಗಳು ಮಾಡಿಸಿದರೂ ಸುಲಭವೇ ಅಲ್ಲವೇ ಎಂದ ಅಣ್ಣಾರಾಯ. ಅಮೋಲ್ ಎದ್ದ. ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಸಣ್ಣವನಿದ್ದಾಗ ಕುರಿಮರಿ ಕಳೆದುಕೊಂಡು ಬಂದ ದಿನ ಹೀಗೇ ನಿಂತಿದ್ದ.

"ಖರೆ ಹೇಳೂದ ಒಂದ ದಾರಿ" ಎಂದಳು ತಾಯಿ.

"ಆಣಿ ಮಾಡೀದಿ ನೀ." ಅವನ ಕಣ್ಣಲ್ಲಿ ನೀರಿತ್ತು. "ಅಂವ ಹೆದರಿ ಊಟ ಬಿಟ್ರ ನಾ ಏನ ಮಾಡ್ಲಿ ಯವ್ವಾ? ಸೋಮವಾರ ಮುಂಜಾನಿ ಬಸ್ಸಿಗೆ ಹ್ಯಾಂಗರೆ ಮಾಡಿ ಹತ್ತಸು. ಕುಂಭಾರ್ಯಾಗ ನಾ ಹತ್ತತೀನಿ." ಅಷ್ಟು ಹೇಳಿ ಹೋಗಿಬಿಟ್ಟ. ಹ್ಯಾಂಗರೆ ಮಾಡಿ ಅನ್ನುವುದು ಹೇಳುವವರಿಗೆ ಎಷ್ಟು ಸಲೀಸು.

ಭಾನುವಾರ ಗುಡಿಯಲ್ಲಿ ಜನ. ಅಣ್ಣಾರಾಯ ಬಂದವರಿಗೆಲ್ಲ ಭಂಡಾರ ಹಚ್ಚಿದ, ಕೈ ನಡುಗುತ್ತಿದ್ದರೂ ಯಾರನ್ನೂ ಬಿಡಲಿಲ್ಲ. ಕುರಿ ಕಳುವಾಯಿತೆಂದು ಜಗಳ ತಂದಿದ್ದ ಒಬ್ಬನಿಂದ ಆಣೆಯನ್ನೂ ಮಾಡಿಸಿದ. ಪದ್ಧತಿ ಎಲ್ಲರಿಗೂ ಗೊತ್ತು: ಪೂಜಾರಿ ಎದುರಿಗೆ ಭಂಡಾರ ಇಟ್ಟು ಮಾತು ಕೇಳುತ್ತಾನೆ, ಮಾತು ಖರೆಯಿದ್ದರೆ ಎತ್ತಿ ಹಣೆಗೆ ಹಚ್ಚಿಕೊಳ್ಳಬೇಕು. ಭಂಡಾರ ಎತ್ತಿ ಸುಳ್ಳು ಹೇಳಿದ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಊರಲ್ಲಿ ಪೊಲೀಸರ ಮುಂದೆ ಹತ್ತು ಸುಳ್ಳು ಹೇಳುವ ಗಂಡಸರೂ ಅದರ ಮುಂದೆ ಬಾಲ ಮುದುರುತ್ತಾರೆ.

ಜನ ಕರಗಿ ಬಿಸಿಲೇರಿದಾಗ ಚಂದ್ರಭಾಗಾ ಗಂಜಿ ತೆಗೆದುಕೊಂಡು ಹೋದಳು. ಅಣ್ಣಾರಾಯ ಕಂಬಕ್ಕೆ ಒರಗಿ ಕೂತಿದ್ದ. ಎರಡು ತುತ್ತು ಉಂಡು ಬಟ್ಟಲು ಸರಿಸಿದ. ಅಷ್ಟಕ್ಕೇ ಅವಳ ಸಹನೆಯ ಕಟ್ಟೆ ಒಡೆಯಿತು. ಅವನ ಕಾಲು ಹಿಡಿದುಕೊಂಡಳು.

"ನಿಮ್ಮ ಕಾಲ ಬೀಳತೀನ್ರಿ, ನಾಳಿಗೆ ಸೊಲ್ಲಾಪುರಕ್ಕ ನಡೀರಿ. ಇಲ್ಲ ಅನಬ್ಯಾಡ್ರಿ."

ಅಣ್ಣಾರಾಯ ಬಹಳ ಹೊತ್ತು ಅವಳ ತಲೆಯನ್ನೇ ನೋಡಿದ. ಇಷ್ಟು ವರ್ಷ ಜನರ ಮುಖ ಓದಿ ಖರೆ ಸುಳ್ಳು ಬೇರೆ ಮಾಡಿದವನು. ಮನೆಯವರ ಮುಖ ಮಾತ್ರ ಓದಿರಲಿಲ್ಲ, ಓದುವ ಪ್ರಸಂಗ ಬಂದಿರಲಿಲ್ಲ.

"ಏಳು" ಎಂದ. "ಹರಳಿಗೆ ಯಾರೂ ಹಿಂಗ ಅಳಂಗಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಹರಳೇ ರೀ. ಮತ್ತೇನು."

ಅವನು ಪಕ್ಕದಲ್ಲಿದ್ದ ಸಂಚಿಗೆ ಕೈ ಹಾಕಿ ಒಂದು ಹಿಡಿ ಭಂಡಾರ ತೆಗೆದ. ವೀಳ್ಯದೆಲೆಯ ಮೇಲೆ ಸುರಿದು ಅವಳ ಮುಂದಕ್ಕೆ ಸರಿಸಿದ. ಗಂಡನಾಗಿ ಅಲ್ಲ, ಪೂಜಾರಿಯಾಗಿ ಕೇಳಿದ: "ನನ್ನ ಹೊಟ್ಯಾಗ ಇರೂದು ಹರಳಂತ ಹೇಳಿ ಎತ್ತು."

ಚಂದ್ರಭಾಗಾ ಎಲೆಯನ್ನೇ ನೋಡಿದಳು. ಒಂದು ಕಡೆ ಮಗನ ತಲೆ. ಇನ್ನೊಂದು ಕಡೆ ಈ ಹಿಡಿ ಹಳದಿ. ಹೇಳಿದರೆ ಮಗನ ಮೇಲೆ ಬರುತ್ತದೆ, ಎತ್ತಿದರೆ ಮನೆಯ ಮೇಲೆ ಬರುತ್ತದೆ. ಎರಡಕ್ಕೂ ಸತ್ತುಹೋಗುವಷ್ಟು ಅವಳು ಹೆದರಿದಳು. ಗುಡಿಯೊಳಗಿನ ದೇವರ ಕಡೆ ನೋಡಿದಳು, ಅಲ್ಲಿಂದಲೂ ಏನೂ ಬರಲಿಲ್ಲ.

ಕೈಗಳೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಳು. ಬಾಯಿ ಬಿಡಲಿಲ್ಲ. ಭಂಡಾರ ಎತ್ತಲಿಲ್ಲ. ಕೂತೇ ಇದ್ದಳು.

ಅಣ್ಣಾರಾಯ ಕಾದ. ಆ ಕಟ್ಟೆಯ ಮೇಲೆ ಎತ್ತದೆ ಕೂತ ಎಷ್ಟೋ ಜನರನ್ನು ಅವನು ಕಂಡಿದ್ದ. ಎತ್ತದಿರುವುದರ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮುಖ ಒಂದು ಸಲ ಬಿಳಿಚಿಕೊಂಡಿತು, ಆ ಹಳದಿಯ ಕೆಳಗೂ ಅದು ಕಂಡಿತು.

"ಕಾಮಣ್ಣಗ ಆಗಿತ್ತಲ್ಲ, ಅದಾ?"

ಅವಳು ಕಣ್ಣು ಎತ್ತಲಿಲ್ಲ.

"ಅಮೋಲಗ ಗೊತ್ತೈತಿ?"

ಅವಳು ಸೆರಗನ್ನು ಕೈಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

ಅಣ್ಣಾರಾಯ ಎಲೆಯ ಮೇಲಿನ ಭಂಡಾರವನ್ನು ಒಂದು ಕಣವೂ ಚೆಲ್ಲದ ಹಾಗೆ ಸಂಚಿಗೆ ತುಂಬಿದ. ಆಮೇಲೆ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಉಳಿದ ಗಂಜಿಯನ್ನು ಉಣ್ಣತೊಡಗಿದ. ಒಂದೊಂದು ತುತ್ತಿಗೂ ಕಷ್ಟಪಡುತ್ತಿದ್ದ. ನಡುವೆ ನಿಲ್ಲಿಸಿ, ಬೆನ್ನಿನ ನೋವು ತಡೆದುಕೊಂಡು, ಮತ್ತೆ ಉಂಡ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆಂದು ಅವರೆಲ್ಲ ಹೆದರಿದ್ದರಲ್ಲ, ಆ ಮನುಷ್ಯ ಬಟ್ಟಲು ಬರಿದು ಮಾಡಿದ. ಚಂದ್ರಭಾಗಾ ನೋಡಲಾರದೆ ಬಿಕ್ಕಿ ಬಿಕ್ಕಿ ಅತ್ತಳು.

"ಮುಂಜಾನಿ ಬಸ್ಸ ಎಷ್ಟಕ್ಕ?" ಎಂದು ಕೇಳಿದ.

ಬೆಳಿಗ್ಗೆ ಹೊರಡುವಾಗ ಸಿದ್ದರಾಮಪ್ಪ ಎಲೆಯ ಬುಟ್ಟಿ ಹಿಡಿದು ಅಡ್ಡ ಬಂದ. "ಡಾಕ್ಟರ ಮನಸ ಆದರೂ ಯಾಕ ನೋಯಸೂದು, ತಗಿಸಿಕೊಂಡ ಬರತೀನಿ ಬಿಡು" ಎಂದು ಅಣ್ಣಾರಾಯ ಅವನ ಬೆನ್ನು ತಟ್ಟಿ ಬಸ್ಸು ಹತ್ತಿದ. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕಿಟಕಿಯ ಹತ್ತಿರ ಜಾಗ ಹಿಡಿದು ಕೂತರು. ಚಂದ್ರಭಾಗಾ ಅವನ ಹಣೆ ಮುಟ್ಟಿದಳು. ಈ ಸಲ ನೆವ ಬೇಕಾಗಲಿಲ್ಲ. ತಣ್ಣಗಿತ್ತು.

ರಸ್ತೆಯ ಪಕ್ಕದ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ದೂರದಲ್ಲಿ ಯಾರದೋ ಕುರಿಹಿಂಡು ಕಂಡಾಗ ಅಣ್ಣಾರಾಯ ಕತ್ತು ಹೊರಳಿಸಿ ಕಾಣುವಷ್ಟು ಹೊತ್ತೂ ನೋಡಿದ. ಆಮೇಲೆ ಕೇಳಿದ: "ಎಷ್ಟ ದಿನ ಅಂದಾರ?"

ಅವಳು ತುಟಿ ಕಚ್ಚಿದಳು.

"ಹೋಗ್ಲಿ ಬಿಡು. ನೀ ಆಣಿ ಮಾಡಿರಬೇಕ ಎಲ್ಲೋ. ಅಮೋಲಂದ ಕಾಣತೇತಿ." ಕಿಟಕಿಯ ಕಡೆಗೇ ಮುಖವಿಟ್ಟು ಹೇಳಿದ: "ಒಂದ ಮಾತ ಕೇಳು. ನನಗ ತಿಳದೈತಿ ಅಂತ ಅಂವಗ ಹೇಳಬ್ಯಾಡ."

"ಯಾಕ್ರಿ?"

"ಹುಡುಗ ಹೆದರ್ಯಾನ. ನನಗ ಹರಳ ಅಂತ ಹೇಳಿ ಅಂವಗ ಅಷ್ಟರೆ ಸಮಾಧಾನ ಐತಿ. ನಾ ತಿಳಕೊಂಡೀನಿ ಅಂದ್ರ ಅಂವಾ ಮಾರಿ ತೋರಸಂಗಿಲ್ಲ ನನಗ. ಇರೂವಷ್ಟ ದಿವಸ ಅಂವ ನನ್ನ ಮುಂದ ಕುಂತ ಮಾತಾಡಬೇಕ."

ಚಂದ್ರಭಾಗಾ ಒಂದು ಆಣೆಯಿಂದ ಈಗಷ್ಟೇ ಜೀವ ಬಿಡಿಸಿಕೊಂಡಿದ್ದಳು. ಇನ್ನೊಂದು ಬಂದು ಕೊರಳಿಗೆ ಬಿತ್ತು. ಹೂಂ ಅಂದಳು.

ಕುಂಭಾರಿಯಲ್ಲಿ ಅಮೋಲ್ ಹತ್ತಿದ. ಅಪ್ಪ ಬಸ್ಸಿನಲ್ಲಿರುವುದನ್ನು ಕಂಡು ಅವನ ಮುಖ ಎಷ್ಟು ಬೆಳಗಿತೆಂದರೆ, ಚಂದ್ರಭಾಗಾ ಬೇರೆ ಕಡೆ ನೋಡಬೇಕಾಯಿತು. ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿದ.

"ಬಂದೆಲ್ಲಪಾ ಕಡೀಕ. ಏನೂ ಹೆದರಬ್ಯಾಡ ಅಪ್ಪಾ, ಕಡ್ಲಿಕಾಳಿನಷ್ಟ ಹರಳ."

"ನಾ ಯಾಕ ಹೆದರ್ಲಿ?" ಎಂದ ಅಣ್ಣಾರಾಯ. "ತಗದ ಮ್ಯಾಲ ಅದನ್ನ ಒಂದ ಕಾಗದಾಗ ಕಟ್ಟಿ ಕೊಡಾಕ ಹೇಳು. ಸಿದ್ದರಾಮಪ್ಪಗ ತೋರಸಬೇಕ. ಅವಂದಕಿಂತ ದೊಡ್ಡದ ಇರತೇತಿ ನಂದು."

"ಅವಂದೆಷ್ಟಿತ್ತಂತ?"

"ತೊಗರಿ ಕಾಳಿನಷ್ಟ ಅಂತಿದ್ದ. ಸುಳ್ಳ ಹೇಳತಾನ, ಮೊದಲಿಂದ ಹಂಗ ಅಂವ."

ಅಮೋಲ್ ಗಟ್ಟಿಯಾಗಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕ ನಗು ಅದು. ಅಣ್ಣಾರಾಯನೂ ನಕ್ಕ, ನಕ್ಕಾಗ ಬೆನ್ನಲ್ಲಿ ಚಳಕು ಹೊಡೆದದ್ದನ್ನು ಮುಂದಿನ ಸೀಟಿನ ಕಂಬಿ ಹಿಡಿದು ಮುಚ್ಚಿಕೊಂಡ. ಇಬ್ಬರೂ ಸೊಲ್ಲಾಪುರ ಬರುವವರೆಗೆ ಹರಳಿನ ಮಾತನ್ನೇ ಆಡಿದರು, ಗಾತ್ರ, ಬಣ್ಣ, ತೂಕ ಎಲ್ಲ. ಚಂದ್ರಭಾಗಾ ಗಂಡನ ಪಕ್ಕದಲ್ಲಿ, ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಒಬ್ಬರಿಗೊಬ್ಬರು ಇಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಅಣ್ಣಾರಾಯ ಎರಡು ಹೆಜ್ಜೆ ಮುಂದಾದಾಗ ಅಮೋಲ್ ತಾಯಿಯ ಕಿವಿಯ ಹತ್ತಿರ ಬಗ್ಗಿದ.

"ನೋಡಿದೇನ ಯವ್ವಾ? ಎಷ್ಟ ಖುಷಿಯಾಗ ಅದಾನ. ಖರೆ ಹೇಳಿದ್ರ ಹಿಂಗ ಇರತಿದ್ದೇನು ಅಂವ? ನಾ ಹೇಳಿದ್ದ ಬರೋಬರ್ ಆತಿಲ್ಲೋ?"

ಚಂದ್ರಭಾಗಾ ಮಗನ ಮುಖ ನೋಡಿದಳು. ಇಡೀ ವಾರದಲ್ಲಿ ಅವನು ಮೊದಲ ಸಲ ಹಗುರಾಗಿದ್ದ.

"ಹೌದಪಾ, ನಿಂದ ಬರೋಬರ್" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹತ್ತುತ್ತಿದ್ದ ಗಂಡನ ಕಡೆಗೆ ಬೇಗ ಬೇಗ ನಡೆದಳು.